ರೈತರ ಕಾಗದಗಳಿಂದ ಶಾಸ್ತ್ರ ಕಟ್ಟಿದ ಎಲೆನರ್ ಆರ್ಮರಾಡ್

ಬೆಳೆಯಲ್ಲಿ ಹುಳು ಕಂಡೊಡನೆ ನಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆ ಯಾವುದು? "ಯಾವ ಔಷಧಿ ಹೊಡೆಯಬೇಕು?" ಎಂಬುದೇ ಅಲ್ಲವೇ? ಇದು ಯಾವ ಹುಳು, ಎಲ್ಲಿ ಮೊಟ್ಟೆ ಇಟ್ಟಿತು, ಎಲ್ಲಿ ಅಡಗಿತ್ತು, ಇದರ ಬಾಳಿನಲ್ಲಿ ನಮ್ಮ ಕೈಗೆ ಸುಲಭವಾಗಿ ಸಿಗುವ ಕಾಲ ಯಾವುದು ಎಂಬ ಪ್ರಶ್ನೆಗಳನ್ನು ನಾವು ಕೇಳುವುದು ಕಡಿಮೆ. ಕೇಳಿದರೂ ಅದು ಡಬ್ಬದ ಔಷಧಿಗೆ ಹಣ ಕೊಟ್ಟು, ಸಿಂಪಡಿಸಿ, ಫಲ ಕಾಣದೆ ಹೋದ ಮೇಲೆ.

ಈ ಪ್ರಶ್ನೆಗಳನ್ನು ಮೊದಲು ಕೇಳಬೇಕೆಂದು ತನ್ನ ದೇಶದ ಬೇಸಾಯಗಾರರಿಗೆ ಇಪ್ಪತ್ತನಾಲ್ಕು ವರ್ಷ ಬಿಡದೆ ಹೇಳಿದ ಮಹಿಳೆಯೊಬ್ಬರು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿದ್ದರು. ಅವರ ಹೆಸರು ಎಲೆನರ್ ಆನ್ ಆರ್ಮರಾಡ್. ಆಕೆ ಕಾಲೇಜಿನ ಮೆಟ್ಟಿಲು ಹತ್ತಿ ಕಲಿತವರಲ್ಲ. ಸರ್ಕಾರದ ಸಂಬಳ ಪಡೆದವರೂ ಅಲ್ಲ. ಆದರೂ ಬೆಳೆಗಳ ಕೀಟಶಾಸ್ತ್ರಕ್ಕೆ ಇಂಗ್ಲೆಂಡಿನಲ್ಲಿ ಗಟ್ಟಿಯಾದ ಬುನಾದಿ ಹಾಕಿದವರಲ್ಲಿ ಆಕೆ ಮುಖ್ಯರು. ಆಕೆಯ ಬಾಳಿನಲ್ಲಿ ನಾವು ಅನುಸರಿಸಬೇಕಾದ ಮಾತುಗಳಿವೆ. ಎಚ್ಚರಿಕೆಯಿಂದ ದೂರವಿಡಬೇಕಾದ ಮಾತುಗಳೂ ಇವೆ. ಎರಡನ್ನೂ ಇಲ್ಲಿ ಬರೆದಿದೆ.

ಲೋಟದ ನೀರಿನಲ್ಲಿ ಮೊದಲ ಪಾಠ

ಎಲೆನರ್ ಹುಟ್ಟಿದ್ದು 1828ರ ಮೇ 11ರಂದು, ಗ್ಲೌಸ್ಟರ್‌ಷೈರ್ ಪ್ರಾಂತ್ಯದ ಸೆಡ್ಬರಿ ಪಾರ್ಕ್ ಎಂಬ ಜಮೀನುದಾರಿ ಮನೆಯಲ್ಲಿ. ಸೆವೆರ್ನ್ ಮತ್ತು ವೈ ನದಿಗಳ ನಡುವಿನ ನಾಡು ಅದು. ತಂದೆ ಜಾರ್ಜ್ ಆರ್ಮರಾಡ್ ಹೆಸರಾಂತ ಇತಿಹಾಸಕಾರರು. ಹತ್ತು ಮಕ್ಕಳಲ್ಲಿ ಈಕೆಯೇ ಕಡೆಯವಳು. ಅಣ್ಣಂದಿರು ಶಾಲೆಗೆ ಹೋದರು. ಹೆಣ್ಣುಮಕ್ಕಳಿಗೆ ತಾಯಿಯೇ ಮನೆಯಲ್ಲಿ ಪಾಠ ಹೇಳಿದರು. ಆ ಕಾಲದ ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿತ್ತು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಮಹಿಳೆಯರಿಗೆ ಪದವಿ ಕೊಡಲು ಆರಂಭಿಸಿದ್ದು 1920ರಲ್ಲಿ, ಈಕೆ ತೀರಿಕೊಂಡು ಹತ್ತೊಂಬತ್ತು ವರ್ಷಗಳಾದ ಮೇಲೆ.

ಎಲೆನರ್ ಚಿಕ್ಕವಳಿದ್ದಾಗ, ಗಲಾಟೆ ಮಾಡದೆ ಕುಳಿತಿರಲೆಂದು ಮನೆಯವರು ಆಕೆಯ ಮುಂದೆ ಒಂದು ಲೋಟ ನೀರಿನಲ್ಲಿ ಕೆಲವು ನೀರುಹುಳುಗಳನ್ನು ಬಿಟ್ಟು ಇಟ್ಟರು. ಮಗು ಕಣ್ಣು ಕೀಳದೆ ನೋಡುತ್ತಿತ್ತು. ಗಾಯಗೊಂಡ ಒಂದು ಹುಳುವಿನ ಮೇಲೆ ಉಳಿದವು ಬಿದ್ದು ಅದನ್ನು ತಿಂದುಹಾಕಿದವು. ತಾನು ಕಂಡದ್ದನ್ನು ಹೇಳಿದಾಗ ದೊಡ್ಡವರು ನಂಬಲಿಲ್ಲ. ಆದರೆ ಮಗು ಕಂಡದ್ದೇ ನಿಜ. ಮುಂದೆ ವಯಸ್ಸಾದ ಮೇಲೆ, ತನ್ನ ಮೊದಲ ಕೀಟ ವೀಕ್ಷಣೆ ಇದೇ ಎಂದು ಆಕೆ ನೆನೆಸಿಕೊಂಡಿದ್ದಾರೆ. ದೊಡ್ಡವರು ನಂಬಲಿ ಬಿಡಲಿ, ಕಣ್ಣಾರೆ ಕಂಡದ್ದನ್ನು ಕಂಡಂತೆ ಹೇಳುವ ಗುಣ ಕಡೆಯವರೆಗೂ ಆಕೆಯಲ್ಲಿ ಉಳಿಯಿತು.

1852ರಲ್ಲಿ, ಇಪ್ಪತ್ತನಾಲ್ಕರ ಹೊಸ್ತಿಲಲ್ಲಿದ್ದಾಗ, ಬ್ರಿಟನ್ನಿನ ದುಂಬಿಗಳನ್ನು ಕುರಿತ ಸ್ಟೀಫೆನ್ಸ್ ಅವರ ಕೈಪಿಡಿಯೊಂದು ಆಕೆಗೆ ಸಿಕ್ಕಿತು. ಕಲಿಸಲು ಗುರುಗಳಿರಲಿಲ್ಲ. ಒಂದು ಕೈಯಲ್ಲಿ ದುಂಬಿ, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು, ಕಾಲು, ಮೀಸೆ, ರೆಕ್ಕೆಯ ಚಿಪ್ಪುಗಳನ್ನು ಒಂದೊಂದಾಗಿ ಹೋಲಿಸಿ ಹೆಸರು ಪತ್ತೆ ಮಾಡಿದರು. ಸೂಕ್ಷ್ಮದರ್ಶಕದ ಬಳಕೆಯನ್ನು ವೈದ್ಯನಾಗಿದ್ದ ಅಣ್ಣನಿಂದ ತಿಳಿದುಕೊಂಡರು. ಕೀಟಗಳನ್ನು ಹುಡುಕಿ ತರಲು ಜಮೀನಿನ ಆಳುಗಳ ನೆರವು ಪಡೆದರು. ಯಾವ ಹುಳು ಯಾವ ಗಿಡದಲ್ಲಿ, ಯಾವ ತಿಂಗಳಲ್ಲಿ ಇರುತ್ತದೆಂದು ದಿನವೂ ಮಣ್ಣಿನಲ್ಲಿ ಕೆಲಸ ಮಾಡುವ ಆಳುಗಳಿಗೆ ಗೊತ್ತಿರುತ್ತದೆ ಎಂಬ ಸತ್ಯ ಆಕೆಗೆ ಆಗಲೇ ಮನದಟ್ಟಾಯಿತು.

1868ರಲ್ಲಿ ಅಲ್ಲಿನ ರಾಯಲ್ ತೋಟಗಾರಿಕಾ ಸಂಘವು ಬೆಳೆಗೆ ಉಪಕಾರ ಮಾಡುವ ಮತ್ತು ಅಪಕಾರ ಮಾಡುವ ಕೀಟಗಳ ಸಂಗ್ರಹವನ್ನು ಆರಂಭಿಸಿ, ಸಾರ್ವಜನಿಕರ ಸಹಾಯ ಕೇಳಿತು. ಈಕೆ ವರ್ಷಗಟ್ಟಲೆ ಮಾದರಿಗಳನ್ನು ಕಳಿಸಿದರು. 1870ರಲ್ಲಿ ಆ ಸಂಘ ಬೆಳ್ಳಿಯ ಪದಕ ನೀಡಿ ಗೌರವಿಸಿತು.

ಈಕೆಯ ಪರೀಕ್ಷಾಬುದ್ಧಿಗೆ ಒಂದು ಉದಾಹರಣೆ ಕೊಟ್ಟರೆ ಸಾಕು. ಕೊಳಗಳಲ್ಲಿರುವ, ಹಲ್ಲಿಯಂತೆ ಕಾಣುವ ನ್ಯೂಟ್ ಎಂಬ ಪ್ರಾಣಿಯ ಚರ್ಮದಿಂದ ಒಸರುವ ರಸ ವಿಷವೇ ಅಲ್ಲವೇ ಎಂದು ತಿಳಿಯಬೇಕಾಗಿತ್ತು. ಆಕೆ ಆ ಜೀವಂತ ಪ್ರಾಣಿಯನ್ನು ತನ್ನ ಹಲ್ಲುಗಳ ನಡುವೆ ಹಿಡಿದು ಮೆಲ್ಲನೆ ಒತ್ತಿದರು! ಬಾಯಿ ಜೋಮು ಹಿಡಿದು ನೊರೆ ಬಂತು. ಆದದ್ದನ್ನೆಲ್ಲ ಬರೆದಿಟ್ಟು ಪ್ರಕಟಿಸಿದರು. ಇಂಥ ಪ್ರಯೋಗವನ್ನು ನಾವು ಯಾರೂ ಮಾಡಬೇಕಾಗಿಲ್ಲ. ಆದರೆ ಕೇಳಿದ ಮಾತನ್ನು ನಂಬಿ ಕೂರುವ ಸ್ವಭಾವ ಆಕೆಯದಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಅಂಚೆಯಲ್ಲಿ ಬಂದ ಜ್ಞಾನ

1873ರಲ್ಲಿ ತಂದೆ ತೀರಿಕೊಂಡರು. ಎಲೆನರ್ ತನ್ನ ಅಕ್ಕ ಜಾರ್ಜಿಯಾನಾ ಜೊತೆ ಬೇರೆ ಮನೆ ಮಾಡಿದರು; ಕೆಲಕಾಲ ಲಂಡನ್ನಿನ ಹತ್ತಿರದ ಐಲ್‌ವರ್ತಿನಲ್ಲಿದ್ದು, 1887ರಲ್ಲಿ ಸೇಂಟ್ ಆಲ್ಬನ್ಸ್ ಪಟ್ಟಣಕ್ಕೆ ಹೋಗಿ ನೆಲೆಸಿದರು. ಅಕ್ಕನೂ ಕೀಟಗಳನ್ನು ಬಲ್ಲವರು. ಚಿತ್ರ ಬರೆದು ತಂಗಿಯ ಕೆಲಸಕ್ಕೆ ಒತ್ತಾಸೆಯಾದರು.

ಆಗ ಇಂಗ್ಲೆಂಡಿನಲ್ಲಿ ಬೆಳೆ ಕೀಟಗಳ ಬಗ್ಗೆ ರೈತನಿಗೆ ಸಲಹೆ ಕೊಡುವ ಸರ್ಕಾರಿ ತಜ್ಞರಿರಲಿಲ್ಲ. ಜಾನ್ ಕರ್ಟಿಸ್ ಎಂಬುವರು ಹೊಲದ ಕೀಟಗಳನ್ನು ಕುರಿತು 1860ರಲ್ಲಿ ಒಳ್ಳೆಯ ಗ್ರಂಥ ಪ್ರಕಟಿಸಿದ್ದರು. ಆದರೆ ಪುಸ್ತಕ ಒಂದು ಸಲ ಅಚ್ಚಾದರೆ ಮುಗಿಯಿತು. ಹುಳು ಹಾಗಲ್ಲ. ಅದು ವರ್ಷವರ್ಷವೂ ಬರುತ್ತದೆ. ಮಳೆ ಚಳಿಗಳಿಗೆ ತಕ್ಕಂತೆ ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. ಇದನ್ನು ಒಬ್ಬರೇ ಕುಳಿತು ನೋಡಿ ಮುಗಿಸಲಾಗದು.

1877ರಲ್ಲಿ ಎಲೆನರ್ ಒಂದು ಚಿಕ್ಕ ಹೊತ್ತಗೆ ಅಚ್ಚು ಹಾಕಿಸಿ, ತಿಳಿದ ಬೇಸಾಯಗಾರರಿಗೂ ತೋಟಗಾರರಿಗೂ ಕಳಿಸಿದರು. ನಿಮ್ಮಲ್ಲಿ ಯಾವ ಕೀಟ ಬಂತು, ಯಾವ ಬೆಳೆಗೆ, ಎಷ್ಟು ಹಾನಿ, ಆಗ ಹವೆ ಹೇಗಿತ್ತು, ನೀವು ಏನು ಮಾಡಿದಿರಿ, ಫಲವೇನು, ಇವನ್ನು ಬರೆದು ತಿಳಿಸಿ ಎಂಬುದು ಅದರ ಸಾರಾಂಶ. ಕಾಗದಗಳು ಬಂದವು. ಆಕೆ ಅವನ್ನು ಬೆಳೆವಾರು ವಿಂಗಡಿಸಿ, ತಾನು ನೋಡಿ ತಿಳಿದದ್ದನ್ನು ಸೇರಿಸಿ ವಾರ್ಷಿಕ ವರದಿಯಾಗಿ ಪ್ರಕಟಿಸಿದರು. ಮರುವರ್ಷ ಇನ್ನಷ್ಟು ಕಾಗದಗಳು. ಹೀಗೆ 1877ರಿಂದ 1900ರವರೆಗೆ ಇಪ್ಪತ್ತನಾಲ್ಕು ವರದಿಗಳು ಹೊರಬಂದವು. ಖರ್ಚೆಲ್ಲ ಬಹುಮಟ್ಟಿಗೆ ಆಕೆಯ ಕೈಯದೇ.

ಬರೆದವರ ಮಾತನ್ನು ಆಕೆ ತನ್ನದೆಂದು ಹೇಳಿಕೊಳ್ಳಲಿಲ್ಲ. ಯಾವ ಊರಿನಿಂದ ಯಾರು ಬರೆದರೆಂದು ಹೆಸರು ಸಹಿತ ಅಚ್ಚು ಹಾಕಿಸಿದರು. ರೈತ ಬಾಂಧವರೇ, ಇದು ಸಣ್ಣ ಮಾತಲ್ಲ. ತನ್ನ ಹೊಲದಲ್ಲಿ ಕಂಡದ್ದು ಪುಸ್ತಕದಲ್ಲಿ ತನ್ನ ಹೆಸರಿನೊಡನೆ ಬಂದಾಗ, ಆ ಬೇಸಾಯಗಾರ ಮರುವರ್ಷ ಇನ್ನಷ್ಟು ಸೂಕ್ಷ್ಮವಾಗಿ ನೋಡದೆ ಇರುತ್ತಾನೆಯೇ? ಅಂಚೆಯಲ್ಲಿ ಕಾಗದದ ಜೊತೆಗೆ ಡಬ್ಬಿಗಳೂ ಬರುತ್ತಿದ್ದವು. ಅವುಗಳಲ್ಲಿ ಹುಳು ಕಡಿದ ಬೇರು, ಸುರುಟಿದ ಎಲೆ, ಹುಳುವಿನ ಕೋಶ ಇರುತ್ತಿದ್ದವು. ಆಕೆ ಅವನ್ನು ಸಾಕಿ, ಪ್ರೌಢ ಕೀಟ ಹೊರಬರುವವರೆಗೆ ಕಾದು ಗುರುತಿಸಿ, ಉತ್ತರ ಬರೆಯುತ್ತಿದ್ದರು. ಈ ಅನುಭವದಿಂದ 1881ರಲ್ಲಿ ಉಪದ್ರವಕಾರಿ ಕೀಟಗಳು ಮತ್ತು ಅವುಗಳ ಹತೋಟಿಯ ಕೈಪಿಡಿ ಹುಟ್ಟಿತು. 1882ರಲ್ಲಿ ಇಂಗ್ಲೆಂಡಿನ ರಾಯಲ್ ಕೃಷಿ ಸಂಘ ಆಕೆಯನ್ನು ಸಲಹಾ ಕೀಟತಜ್ಞರನ್ನಾಗಿ ನೇಮಿಸಿತು. ಆ ಕೆಲಸವನ್ನು ಆಕೆ 1892ರವರೆಗೆ ಮಾಡಿದರು.

ಹವೆಯ ಮೇಲೂ ಆಕೆಗೆ ಒಂದು ಕಣ್ಣು ಇತ್ತು. ದಿನದಿನದ ಉಷ್ಣತೆ, ಮಳೆಗಳನ್ನು ಅಳೆದು ಬರೆದಿಡುತ್ತಿದ್ದರು. 1878ರಲ್ಲಿ ಅಲ್ಲಿನ ಹವಾಮಾನ ಸಂಘದ ಸದಸ್ಯತ್ವ ಪಡೆದ ಮೊದಲ ಮಹಿಳೆ ಆಕೆ.

ಎರಡೆಲೆಯ ಪೈರು, ನೆಗೆಯುವ ದುಂಬಿ

ಆಕೆಯ ಸಲಹೆ ಹೇಗಿರುತ್ತಿತ್ತು ಎಂಬುದಕ್ಕೆ ಟರ್ನಿಪ್ ಬೆಳೆಯನ್ನು ನೋಡೋಣ. ಇದು ಕೋಸಿನ ಜಾತಿಗೆ ಸೇರಿದ ಗಡ್ಡೆ. ಇಂಗ್ಲೆಂಡಿನಲ್ಲಿ ಕುರಿ ದನಗಳಿಗೆ ಚಳಿಗಾಲದ ಮೇವು. 1881ರಲ್ಲಿ ಈ ಬೆಳೆಗೆ ನೆಗೆಯುವ ಸಣ್ಣ ದುಂಬಿಯೊಂದರ ಹಾವಳಿ ವಿಪರೀತವಾಯಿತು. ರೈತರು ಇದನ್ನು ನೊಣವೆಂದೇ ಕರೆಯುತ್ತಿದ್ದರು. ಮೊಳೆತು ಎರಡೆಲೆ ಬಿಟ್ಟ ಪೈರನ್ನು ಇದು ತೂತು ತೂತಾಗಿ ಕೆರೆದು ತಿನ್ನುತ್ತದೆ. ಎಷ್ಟೋ ಕಡೆ ಎರಡು ಮೂರು ಸಲ ಬಿತ್ತಬೇಕಾಯಿತು. ಆಕೆ ದೇಶದ ನಾನಾ ಕಡೆಯಿಂದ ವಿವರ ತರಿಸಿ, ಇದಕ್ಕೆಂದೇ ಪ್ರತ್ಯೇಕ ವರದಿ ಬರೆದರು.

ಆ ವರದಿಯ ತಿರುಳು ಇಷ್ಟು: ಪೈರಿಗೆ ಅಪಾಯವಿರುವುದು ಎರಡೆಲೆಯ ಹಂತದಲ್ಲಿ. ಒರಟೆಲೆ ಬಿಟ್ಟು ಚೇತರಿಸಿಕೊಂಡ ಪೈರು ದುಂಬಿಯ ಹೊಡೆತ ತಾಳಿಕೊಳ್ಳುತ್ತದೆ. ಆದ್ದರಿಂದ ಆ ಹಂತವನ್ನು ಬೇಗ ದಾಟಿಸುವುದೇ ಮುಖ್ಯ ಉಪಾಯ. ಭೂಮಿಯನ್ನು ನುಣುಪಾಗಿ ಹದಮಾಡಿ ತೇವ ಉಳಿಸಬೇಕು, ಬಿತ್ತುವಾಗಲೇ ಬೇಗ ಸಿಗುವ ಗೊಬ್ಬರ ಕೊಡಬೇಕು. ಬೆಳೆಯಿಲ್ಲದ ಕಾಲದಲ್ಲಿ ಈ ದುಂಬಿ ಸಾಸಿವೆ ಜಾತಿಯ ಕಳೆಯ ಮೇಲೆ ಬದುಕುವುದರಿಂದ ಆ ಕಳೆಯನ್ನು ಕೀಳಬೇಕು. ಇದರಲ್ಲಿ ಕೊಂಡು ತರುವ ವಸ್ತು ಎಷ್ಟು ಕಡಿಮೆ ನೋಡಿ. ಬೇಸಾಯದ ಕ್ರಮವೇ ಇಲ್ಲಿ ಔಷಧಿ.

ಅಗಸೆ ಬೀಜದಂಥ ಶತ್ರು

1886ರ ಬೇಸಿಗೆಯಲ್ಲಿ ಲಂಡನ್ನಿನ ಉತ್ತರಕ್ಕಿರುವ ಹರ್ಟ್‌ಫರ್ಡ್ ಬಳಿಯ ಹೊಲವೊಂದರಲ್ಲಿ ಬಾರ್ಲಿ ಪೈರಿನ ದಂಟುಗಳು ಗಿಣ್ಣಿನ ಮೇಲೆ ಬಾಗಿ ಮಲಗಿದ್ದವು. ದಂಟಿಗೂ ಎಲೆಯ ಬುಡಕ್ಕೂ ನಡುವೆ ಕಂದು ಬಣ್ಣದ, ಅಗಸೆ ಬೀಜದಂತೆ ಕಾಣುವ ಕೋಶಗಳು ಅಂಟಿಕೊಂಡಿದ್ದವು. ಮಾದರಿ ಎಲೆನರ್ ಅವರ ಕೈ ಸೇರಿತು. ಅದು ಹೆಸಿಯನ್ ನೊಣ. ಅಮೆರಿಕದಲ್ಲಿ ನೂರು ವರ್ಷಗಳಿಂದ ಗೋಧಿಯನ್ನು ಹಾಳುಮಾಡುತ್ತಿದ್ದ ಕೀಟ. ಇಂಗ್ಲೆಂಡಿನ ಹೊಲದಲ್ಲಿ ಅದು ಖಚಿತವಾಗಿ ಗುರುತಾದದ್ದು ಆಗಲೇ. ದೇಶದಲ್ಲೆಲ್ಲ ಗಾಬರಿ ಹರಡಿತು.

ಆಕೆ ಗಾಬರಿಗೊಳ್ಳದೆ ಆ ನೊಣದ ಬಾಳಿನ ಸುತ್ತನ್ನು ಪರಿಶೀಲಿಸಿದರು. ಅದರ ಕೋಶ ಪೈರಿನ ಬುಡದಲ್ಲಿರುತ್ತದೆ. ಕೊಯ್ಲಿನಲ್ಲಿ ಒಂದಷ್ಟು ಕೂಳೆಯಲ್ಲಿ ಉಳಿಯುತ್ತದೆ, ಒಂದಷ್ಟು ಹುಲ್ಲಿನೊಡನೆ ಕಣಕ್ಕೆ ಬರುತ್ತದೆ. ಒಕ್ಕಿದಾಗ ಕೋಶಗಳು ಉದುರಿ ಕಾಳಿನ ಕಸದಲ್ಲಿ ಸೇರುತ್ತವೆ. ಆದ್ದರಿಂದ ಕಣದ ಕಸವನ್ನು ಸುಡಿ. ಕೂಳೆಯನ್ನು ಆಳವಾಗಿ ಉತ್ತು ಮುಚ್ಚಿ ಎಂದು ಆಕೆ ಹೇಳಿದರು. ಈ ಕೋಶಗಳನ್ನು ಸಾಕಿ ನೋಡಿದಾಗ ಅವುಗಳಿಂದ ನೊಣದ ಬದಲು ಸಣ್ಣ ಕಣಜಗಳು ಹೊರಬಂದದ್ದೂ ಉಂಟು. ಅವು ಆ ನೊಣವನ್ನೇ ಒಳಗಿನಿಂದ ತಿಂದು ಬೆಳೆಯುವ ಪರತಂತ್ರ ಜೀವಿಗಳು. ರೈತನಿಗೆ ಕಾಣದ ನೆಂಟರು ಎಂದರೂ ಸರಿಯೇ. ಅಮೆರಿಕದಲ್ಲಾದಷ್ಟು ನಷ್ಟವನ್ನು ಹೆಸಿಯನ್ ನೊಣ ಇಂಗ್ಲೆಂಡಿನಲ್ಲಿ ಎಂದೂ ಮಾಡಲಿಲ್ಲ.

ದನದ ಬೆನ್ನಿನ ಗಂಟು

ಆಕೆ ಬಹಳ ಹಟ ಹಿಡಿದು ಮಾಡಿದ ಕೆಲಸ ದನಗಳ ವಾರ್ಬಲ್ ನೊಣದ್ದು. ಬೇಸಿಗೆಯಲ್ಲಿ ಈ ನೊಣ ದನದ ಕೂದಲಿಗೆ ಮೊಟ್ಟೆ ಅಂಟಿಸುತ್ತದೆ. ಇದರ ಸದ್ದು ಕೇಳಿದರೆ ಸಾಕು, ದನಗಳು ಬಾಲ ಎತ್ತಿಕೊಂಡು ಹುಚ್ಚೆದ್ದು ಓಡುತ್ತವೆ; ಹಾಲು ಇಳಿಯುತ್ತದೆ. ಮರಿಹುಳು ಚರ್ಮದೊಳಗೆ ಹೊಕ್ಕು, ತಿಂಗಳುಗಟ್ಟಲೆ ಮೈಯೊಳಗೆ ಸಂಚರಿಸಿ, ಚಳಿಗಾಲ ಕಳೆಯುವ ಹೊತ್ತಿಗೆ ಬೆನ್ನಿನ ಚರ್ಮದ ಕೆಳಗೆ ಬಂದು ನಿಲ್ಲುತ್ತದೆ. ಅಲ್ಲಿ ಗಂಟು ಕಟ್ಟುತ್ತದೆ; ಉಸಿರಾಡಲು ಚರ್ಮದಲ್ಲಿ ತೂತು ಮಾಡಿಕೊಳ್ಳುತ್ತದೆ. ಬಲಿತ ಮೇಲೆ ನೆಲಕ್ಕೆ ಬಿದ್ದು ಮಣ್ಣಿನಲ್ಲಿ ಕೋಶವಾಗಿ ಮತ್ತೆ ನೊಣವಾಗುತ್ತದೆ. ಮೈಯೊಳಗಿನ ಈ ಪಯಣ ಪೂರ್ಣವಾಗಿ ತಿಳಿದದ್ದು ಆಕೆಯ ಕಾಲವಾದ ನಂತರ.

ಅಲ್ಲಿನ ರೈತರು ಈ ಗಂಟುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಬೆನ್ನಿನಲ್ಲಿ ಗಂಟಿದ್ದರೆ ದನ ಪುಷ್ಟಿಯಾಗಿದೆ ಎಂದು ನಂಬಿದವರೂ ಇದ್ದರು. ಎಲೆನರ್ ಕಸಾಯಿಗಳಿಂದಲೂ ಚರ್ಮ ಹದಮಾಡುವವರಿಂದಲೂ ಲೆಕ್ಕ ತರಿಸಿದರು. ತೊಗಲಿನಲ್ಲಿ ಬೆಲೆ ಬಾಳುವ ಭಾಗ ಬೆನ್ನು, ಅದೇ ಜರಡಿಯಾಗಿತ್ತು. ತೂತಾದ ತೊಗಲಿನ ಚಿತ್ರವನ್ನು ಅಚ್ಚು ಹಾಕಿಸಿ, ನಷ್ಟವನ್ನು ಕಣ್ಣಿಗೆ ಕಾಣುವಂತೆ ಮಾಡಿ, ಕರಪತ್ರಗಳನ್ನು ಹಂಚಿದರು.

ಉಪಾಯ ಬಹಳ ಸರಳ. ಗಂಟು ಕಂಡಾಗ ಎರಡು ಬೆರಳಿನಿಂದ ಹಿಸುಕಿ ಹುಳು ತೆಗೆದು ಕೊಲ್ಲುವುದು, ಇಲ್ಲವೇ ತೂತಿನ ಮೇಲೆ ಜಿಡ್ಡು ಮುಲಾಮು ಸವರಿ ಉಸಿರು ಕಟ್ಟಿಸುವುದು. ಚೆಷೈರ್ ಪ್ರಾಂತ್ಯದ ಬನ್ಬರಿ ಎಂಬ ಊರಿನ ಶಾಲಾ ಹುಡುಗರು ತಮ್ಮ ತಮ್ಮ ಮನೆಯ ದನಗಳ ಬೆನ್ನು ತಡವಿ ಹುಳು ತೆಗೆಯುವ ಕೆಲಸಕ್ಕೆ ನಿಂತರು. ಅವರ ಉಪಾಧ್ಯಾಯರು ಆಕೆಗೆ ವರದಿ ಬರೆಯುತ್ತಿದ್ದರು. ಒಂದು ಹುಳು ತೆಗೆದರೆ ಮುಂದಿನ ವರ್ಷದ ಒಂದು ನೊಣ ಕಡಿಮೆ.

ಆದರೆ ನನ್ನ ದನದ ಹುಳು ನಾನು ತೆಗೆದು, ನೆರೆಯವನು ಬಿಟ್ಟರೆ ಫಲವೇನು? ನೊಣಕ್ಕೆ ಬೇಲಿ ಉಂಟೇ? ಊರೆಲ್ಲ ಒಟ್ಟಿಗೆ ಮಾಡಬೇಕೆಂದು ಆಕೆ ಒತ್ತಿ ಹೇಳಿದರು. ಆ ಮಾತು ನಿಜವಾಗಲು ನೂರು ವರ್ಷ ಬೇಕಾಯಿತು. ಬ್ರಿಟನ್ನಿನಲ್ಲಿ 1978ರಲ್ಲಿ ದೇಶವ್ಯಾಪಿ ವಾರ್ಬಲ್ ನಿರ್ಮೂಲನ ಯೋಜನೆ ಆರಂಭವಾಗಿ, 1990ರ ವೇಳೆಗೆ ಆ ಪೀಡೆ ಬಹುಮಟ್ಟಿಗೆ ಇಲ್ಲವಾಯಿತು.

ಹಸಿರು ವಿಷ ಮತ್ತು ಗುಬ್ಬಚ್ಚಿ

ಈಗ ಎಚ್ಚರಿಕೆಯ ಮಾತು. ಸೇಬು, ಪ್ಲಮ್ ತೋಟಗಳಲ್ಲಿ ವಸಂತದ ಎಳೆ ಚಿಗುರನ್ನು ಒಂದು ಪತಂಗದ ಹಸಿರು ಕೀಡೆಗಳು ಬೋಳಿಸುತ್ತಿದ್ದವು. ಈ ಪತಂಗದ ಹೆಣ್ಣಿಗೆ ಹಾರುವ ರೆಕ್ಕೆಯಿಲ್ಲ. ಚಳಿಗಾಲದಲ್ಲಿ ಕಾಂಡ ಹತ್ತಿ ಹೋಗಿ ಮೊಟ್ಟೆ ಇಡುತ್ತದೆ. ಕಾಂಡಕ್ಕೆ ಅಂಟಿನ ಪಟ್ಟಿ ಬಳಿದು ಅದನ್ನು ತಡೆಯುವ ಕ್ರಮ ಇತ್ತು. ಅದು ಸಾಲದೆ ಹೋದಾಗ, 1890ರ ಸುಮಾರಿನಲ್ಲಿ ಆಕೆ ಪ್ಯಾರಿಸ್ ಗ್ರೀನ್ ಎಂಬ ಹಸಿರು ಪುಡಿಯನ್ನು ನೀರಿನಲ್ಲಿ ಕಲಸಿ ಸಿಂಪಡಿಸಲು ತೋಟಗಾರರಿಗೆ ಹೇಳಿದರು. ಅಮೆರಿಕದಲ್ಲಿ ಆಲೂಗೆಡ್ಡೆ ದುಂಬಿಗೆ ಅದನ್ನು ಮೊದಲೇ ಬಳಸುತ್ತಿದ್ದರು. ಅದು ತಾಮ್ರ ಮತ್ತು ಪಾಷಾಣ ಸೇರಿದ ಘೋರ ವಿಷ. ಮೊದಲು ರೈತರು ಹೆದರಿದರು. ಹುಳುಗಳು ಸತ್ತದ್ದನ್ನು ಕಂಡು ಒಪ್ಪಿಕೊಂಡರು. ಇಂಗ್ಲೆಂಡಿಗೆ ಪ್ಯಾರಿಸ್ ಗ್ರೀನ್ ತಂದವಳು ಎಂದು ತನ್ನ ಸಮಾಧಿಯ ಮೇಲೆ ಬರೆಸಿದರೆ ಸಾಕು ಎಂಬರ್ಥದ ಮಾತನ್ನು ಆಕೆ ಹೆಮ್ಮೆಯಿಂದ ಆಡಿದ್ದರು.

ಇಂದು ನಮಗೆ ಗೊತ್ತು, ಪಾಷಾಣ ಕೊಳೆತು ಹೋಗುವ ವಸ್ತುವಲ್ಲ. ಮಣ್ಣಿಗೆ ಬಿದ್ದದ್ದು ಮಣ್ಣಿನಲ್ಲೇ ಉಳಿಯುತ್ತದೆ. ಸಿಂಪಡಿಸುವವನ ಮೈಗೂ ಕೇಡು. ಕೀಟನಾಶಕವಾಗಿ ಪ್ಯಾರಿಸ್ ಗ್ರೀನಿನ ಕಾಲ ಎಂದೋ ಮುಗಿಯಿತು. ಆಕೆ ಯಾವುದನ್ನು ತನ್ನ ದೊಡ್ಡ ಸಾಧನೆ ಎಂದುಕೊಂಡರೋ ಅದು ಉಳಿಯಲಿಲ್ಲ.

ಇನ್ನೊಂದು, ಗುಬ್ಬಚ್ಚಿಯ ವಿಷಯ. ಗುಬ್ಬಚ್ಚಿ ಕಾಳು ತಿನ್ನುತ್ತದೆ, ಹುಳು ಹಿಡಿಯುವ ಇತರ ಹಕ್ಕಿಗಳನ್ನು ಓಡಿಸುತ್ತದೆ, ಆದ್ದರಿಂದ ಅದನ್ನು ಕಡಿಮೆ ಮಾಡಬೇಕೆಂದು ಆಕೆ ಕರಪತ್ರ ಬರೆದು ಸಾವಿರಗಟ್ಟಲೆ ಪ್ರತಿಗಳನ್ನು ಉಚಿತವಾಗಿ ಹಂಚಿದರು. ಹಕ್ಕಿಗಳನ್ನು ಪ್ರೀತಿಸುವವರು ಸಿಟ್ಟಾದರು. ಪತ್ರಿಕೆಗಳಲ್ಲಿ ವಾಗ್ವಾದ ನಡೆಯಿತು. ಗುಬ್ಬಚ್ಚಿ ಕಾಳು ತಿನ್ನುವುದು ಸುಳ್ಳಲ್ಲ. ಆದರೆ ತನ್ನ ಮರಿಗಳಿಗೆ ಅದು ಉಣಿಸುವುದು ಬಹುಪಾಲು ಹುಳುಹುಪ್ಪಟೆಯನ್ನೇ. 1970ರ ದಶಕದಿಂದೀಚೆಗೆ ಬ್ರಿಟನ್ನಿನಲ್ಲಿ ಗುಬ್ಬಚ್ಚಿಗಳು ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗಿ, ಈಗ ಅಲ್ಲಿ ಅವು ಕಾಪಾಡಬೇಕಾದ ಹಕ್ಕಿಗಳ ಪಟ್ಟಿ ಸೇರಿವೆ. ತಿಂದ ಕಾಳನ್ನು ಎಣಿಸಿದವರು ತಿಂದ ಹುಳುವನ್ನೂ ಎಣಿಸಬೇಕು. ಸೂಕ್ಷ್ಮ ಕಣ್ಣಿನ ಈ ಮಹಿಳೆಯೂ ಇಲ್ಲಿ ಒಂದು ತಟ್ಟೆಯನ್ನು ಮಾತ್ರ ತೂಗಿದರು.

ಕಡೆಯ ದಿನಗಳು

1896ರಲ್ಲಿ ಅಕ್ಕ ಜಾರ್ಜಿಯಾನಾ ತೀರಿಕೊಂಡರು. ಎಲೆನರ್ ಒಬ್ಬರೇ ಕೆಲಸ ಮುಂದುವರಿಸಿದರು. 1900ರ ಏಪ್ರಿಲ್‌ನಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯ ಆಕೆಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಆ ವಿಶ್ವವಿದ್ಯಾನಿಲಯದಿಂದ ಈ ಗೌರವ ಪಡೆದ ಮೊದಲ ಮಹಿಳೆ ಆಕೆ. ಯಾವ ಕಾಲೇಜಿನಲ್ಲೂ ಕುಳಿತು ಕಲಿಯದವರಿಗೆ ದೊರೆತ ಗೌರವ ಅದು. ಮರುವರ್ಷ, 1901ರ ಜುಲೈ 19ರಂದು, ಸೇಂಟ್ ಆಲ್ಬನ್ಸ್‌ನಲ್ಲಿ ಆಕೆ ಕಣ್ಣುಮುಚ್ಚಿದರು.

ನಾವು ಮಾಡಬೇಕಾದದ್ದು

ಪ್ಯಾರಿಸ್ ಗ್ರೀನ್ ಹೋಯಿತು. ಆದರೆ ಆಕೆ ರೈತರಿಗೆ ಕೇಳಿದ ಪ್ರಶ್ನೆಗಳು ಇಂದಿಗೂ ಹಳತಾಗಿಲ್ಲ. ಆದ್ದರಿಂದ ಓದುಗ ರೈತರು ಈ ಕೆಲವು ಕ್ರಮಗಳನ್ನು ರೂಢಿಸಿಕೊಳ್ಳುವುದು ಲಾಭಕರ:

1. ಮನೆಯಲ್ಲಿ ಒಂದು ನೋಟು ಪುಸ್ತಕ ಇಡಿ. ಬಿತ್ತನೆಯ ದಿನ, ಮಳೆ ಬಂದ ದಿನ, ಹುಳು ಮೊದಲು ಕಂಡ ದಿನ, ಪೈರಿನ ವಯಸ್ಸು, ಮಾಡಿದ ಉಪಾಯ, ಅದರ ಫಲ, ಇವನ್ನು ಬರೆಯಿರಿ. ಮೂರು ವರ್ಷ ಬರೆದರೆ ನಿಮ್ಮ ಹೊಲದ ಹುಳುವಿನ ಪಂಚಾಂಗ ನಿಮ್ಮ ಕೈಯಲ್ಲಿರುತ್ತದೆ.

2. ಹುಳುವನ್ನು ಹೆಸರಿನಿಂದ ಗುರುತಿಸಿದ ಹೊರತು ಸಿಂಪರಣೆಗೆ ಕೈ ಹಾಕಬೇಡಿ. ಗೊತ್ತಾಗದಿದ್ದರೆ, ತೂತು ಮಾಡಿದ ಡಬ್ಬಿಯಲ್ಲಿ ಹುಳುವನ್ನು ಅದು ತಿನ್ನುತ್ತಿದ್ದ ಎಲೆಯೊಡನೆ ಹಾಕಿ, ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ಯಿರಿ.

3. ಹುಳು ಎಲ್ಲಿ ಮೊಟ್ಟೆ ಇಡುತ್ತದೆ, ಎಲ್ಲಿ ಕೋಶವಾಗುತ್ತದೆ, ಬೆಳೆಯಿಲ್ಲದಾಗ ಯಾವ ಕಳೆಯ ಮೇಲೆ ಬದುಕುತ್ತದೆ ಎಂದು ವಿಚಾರಿಸಿ. ಅದು ಬಲಹೀನವಾಗಿರುವ ಹಂತದಲ್ಲಿ ಹಿಡಿದರೆ ಖರ್ಚು ಕಡಿಮೆ.

4. ಹೊಲದಲ್ಲಿ ಕಾಣುವ ಪ್ರತಿ ಕೀಟವೂ ಶತ್ರುವಲ್ಲ. ಜೇಡ, ಗುಲಗಂಜಿ ಹುಳು, ಸಣ್ಣ ಕಣಜಗಳು ನಮ್ಮ ಪರವಾಗಿ ದುಡಿಯುವ ಆಳುಗಳು. ಹಾನಿಯ ಜೊತೆಗೆ ಉಪಕಾರವನ್ನೂ ಎಣಿಸಿ.

5. ಕಂಡದ್ದನ್ನು ನೆರೆಹೊರೆಯವರಿಗೆ ತಿಳಿಸಿ. ಹತೋಟಿಯ ಕೆಲಸವನ್ನು ಊರೆಲ್ಲ ಒಂದೇ ಕಾಲಕ್ಕೆ ಮಾಡಿ.

ಎಲೆನರ್ ಆರ್ಮರಾಡ್ ಅವರ ಇಪ್ಪತ್ತನಾಲ್ಕು ವರದಿಗಳನ್ನು ತುಂಬಿದ್ದು ಸಾಮಾನ್ಯ ಬೇಸಾಯಗಾರರು ತಮ್ಮ ಹೊಲದ ಬದುವಿನಲ್ಲಿ ನಿಂತು ಕಂಡ ಸಂಗತಿಗಳು. ಅಂಥ ಸಂಗತಿಗಳು ನಿಮ್ಮ ಹೊಲದಲ್ಲೂ ದಿನವೂ ನಡೆಯುತ್ತಿವೆ. ನಾಳೆ ಬೆಳಿಗ್ಗೆ ಹೊಲಕ್ಕೆ ಹೋದಾಗ ಒಂದು ಎಲೆಯನ್ನು ಮಗುಚಿ, ಅದರ ಅಡಿಯಲ್ಲಿ ಏನಿದೆ ಎಂದು ನೋಡಿ, ಬರೆದಿಡಿ.